ಹಮ್ಮಿಗಿಯಲ್ಲಿ ಪೇಟಿ ಬಂದ್

ಬೆಟಗೇರಿಯಲ್ಲಿ ಬೇರೆ ಓಣಿಗಳಿಗೆ ಕೋಳಿ ಕೂಗಿದರೆ ಬೆಳಗಾಗುತ್ತದೆ. ನಮ್ಮ ಓಣಿಗೆ ಎದುರು ಮನೆಯ ಗೋಪಣ್ಣನ ‘ಸಾ’ ಕೂಗಬೇಕು. ಅವನು ಮನೆಯಲ್ಲೇ ಹಾರ್ಮೋನಿಯಂ ರಿಪೇರಿ ಮಾಡುತ್ತಾನೆ. ಒಂದೇ ಸ್ವರ ಹಿಡಿದು ಅರ್ಧ ದಿನ ಕೂತುಬಿಡುತ್ತಾನೆ. ‘ರೀ’ಗೆ ಯಾವಾಗ ಬರ್ತೀಯಪ್ಪಾ ಎಂದು ನಾನು ಕಿಟಕಿಯಿಂದ ಕೇಳಿದರೆ, ಅವಸರ ಇದ್ದವರು ರೇಡಿಯೋ ಹಚ್ಚಿಕೊಳ್ಳಬೇಕು ಎನ್ನುತ್ತಾನೆ.

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಪೇಟೆಗೂ ಬಾಯಲ್ಲಿ ಪೇಟಿ ಎಂದೇ ಬರುತ್ತದೆ. ಇದರಿಂದ ಗೋಪಣ್ಣನಿಗೆ ಲಾಭವೇ ಹೆಚ್ಚು. ಹೇಳಿದ ದಿನಕ್ಕೆ ಕೆಲಸ ಮುಗಿಸಿದ ಮನುಷ್ಯ ಅವನಲ್ಲ. ಗಿರಾಕಿ ಬಂದು ಬಾಗಿಲು ಬಡಿದರೆ ಹೆಂಡತಿ ಬನಶಂಕರೆವ್ವ ‘ಪೇಟಿಗೆ ಹೋಗ್ಯಾರ’ ಎಂದು ಸಾಗಹಾಕುತ್ತಿದ್ದಳು. ಆಸಾಮಿ ಹಿಂದಿನ ಕೋಣೆಯಲ್ಲಿ ಪೇಟಿಯ ಮುಂದೆಯೇ ಇರುತ್ತಿದ್ದ. ಹಾಗಾಗಿ ತಾನು ಒಮ್ಮೆಯೂ ಸುಳ್ಳಾಡಿಲ್ಲ ಎಂಬುದು ಅವಳ ವಾದ.

ಇವನ ದೊಡ್ಡ ಪ್ರತಾಪವೆಂದರೆ ಹೆಂಡತಿಯ ಮಗ್ಗವನ್ನು ಪೇಟಿ ಮಾಡಿದ್ದು. ಮದುವೆಯಾಗಿ ಬಂದಾಗಿನಿಂದ ಅವಳು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದ ಕುಣಿಮಗ್ಗ ಅದು. ಬೆನ್ನುನೋವೆಂದು ನೇಯುವುದನ್ನು ಬಿಟ್ಟ ಮೇಲೂ ದಿನಾ ಒರೆಸಿ ಇಡುತ್ತಿದ್ದಳು. ಅವಳು ಶಿಗ್ಲಿಯ ತವರಿಗೆ ಹೋದಾಗ ಈ ಮಹಾಶಯ ಮಗ್ಗ ಕಳಚಿ, ಸಾಗವಾನಿ ಕಟ್ಟಿಗೆ ಕೊಯ್ದು, ಕೈಯಾರೆ ಒಂದು ಹೊಸ ಪೇಟಿ ಕಟ್ಟಿದ. ಅಲ್ಲಿಯತನಕ ಮಂದಿಯ ಹಳೆಯವನ್ನಷ್ಟೇ ರಿಪೇರಿ ಮಾಡಿದ್ದವನು. ಹೆಂಡತಿ ಖುಷಿಪಡುತ್ತಾಳೆ ಎಂದುಕೊಂಡಿದ್ದನಂತೆ. ಅಷ್ಟು ಬುದ್ಧಿವಂತ.

ಅವಳು ಜಗಳ ತೆಗೆಯಲಿಲ್ಲ. ಬರಿದಾದ ಕುಣಿಯ ಅಂಚಿಗೆ ಕೂತು ಅತ್ತಳು. ಅವತ್ತು ನನಗೆ ಗೋಪಣ್ಣನ ಮೇಲೆ ಖರೇನ ಸಿಟ್ಟು ಬಂದಿತ್ತು. ಆಮೇಲೆ ಅವಳು ಆ ಒಂದನ್ನು ಮಾತ್ರ ಪೇಟಿ ಎಂದು ಕರೆಯಲೇ ಇಲ್ಲ. ‘ಡಬ್ಬಿ’ ಎನ್ನುತ್ತಿದ್ದಳು. ಹಮ್ಮಿಗಿಯ ಭಜನಾ ಮಂಡಳಿಯ ಹುಚ್ಚಪ್ಪ ಶ್ರಾವಣದ ಭಜನೆಗೆಂದು ಅದನ್ನು ಒಯ್ದ ದಿನ ಗಂಡನಿಗೆ ಹೇಳಿದಳು:

“ಶ್ರಾವಣ ಮುಗಿಯೂತನಾ ಹಾಡಿದ್ರ ಅದು ಪೇಟಿ. ಇಲ್ಲಾಂದ್ರ ಒಲಿಗೆ ಹಾಕ್ತೀನಿ.”

ಅಂದಿನಿಂದ ಗೋಪಣ್ಣನ ಊಟ ಕಡಿಮೆಯಾಯಿತು. ಆ ಪೇಟಿ ಕೆಟ್ಟರೆ ತಾನು ಹೆಂಡತಿಯ ಮಗ್ಗವನ್ನು ಸುಮ್ಮನೆ ಹಾಳುಮಾಡಿದವನಾಗುತ್ತೇನೆ ಎಂಬುದು ಅವನಿಗೂ ಗೊತ್ತಿತ್ತು.

ಮುಂಡರಗಿ ಪೇಟೆಯಲ್ಲಿ ಗಾಳಿ ಹಾಕುವ ತಿದಿಗೆ ಚರ್ಮ ಕೊಂಡು, ಹಾಗೇ ಹಮ್ಮಿಗಿಗೆ ಹೋಗಿ ಪೇಟಿಯ ದನಿ ಕೇಳಿ ಬರೋಣವೆಂದು ಹುಚ್ಚಪ್ಪನಿಗೂ ತಿಳಿಸಿ, ಒಂದು ಬೆಳಿಗ್ಗೆ ಅವನು ಜಳಕಕ್ಕೆ ಹೋಗಿದ್ದ. ಆಗ ಹುಚ್ಚಪ್ಪನ ಫೋನು ಬಂತು. ಬನಶಂಕರೆವ್ವ ಎತ್ತಿದಳು. ಪೇಟಿ ಬಂದ್ ಆಗೇತಿ, ಅಣ್ಣಾರಿಗೆ ಹೇಳ್ರಿ ಎಂದು ಅವನು ಇಟ್ಟುಬಿಟ್ಟ. ಅವಳ ಪಾಲಿಗೆ ಹಮ್ಮಿಗಿಯಲ್ಲಿ ಇದ್ದದ್ದು ಡಬ್ಬಿ. ಪೇಟಿ ಬಂದ್ ಎಂದರೆ ಮುಂಡರಗಿಯ ಅಂಗಡಿಗಳೇ ಮುಚ್ಚಿರಬೇಕು. ಸುಮ್ಮನೆ ಓಡಾಟ ಬೇಡವೆಂದು ಪಾಪ ತಿಳಿಸಿದ್ದಾನೆ ಎಂದುಕೊಂಡು ಗಂಡನಿಗೂ ಹಾಗೇ ಹೇಳಿದಳು. ಗೋಪಣ್ಣ ಅಂಗಿಯನ್ನು ಗೂಟಕ್ಕೆ ಹಾಕಿ ಮತ್ತೆ ಯಾರದೋ ‘ಸಾ’ ಹಿಡಿದ.

ಸಂಜೆ ಹುಚ್ಚಪ್ಪ ಮತ್ತೆ ಫೋನು ಮಾಡಿ ಯಾಕೆ ಬರಲಿಲ್ಲ ಎಂದು ಕೇಳಿದ. ಬಂದ್ ಇದ್ದಾಗ ಬಂದು ಏನು ಮಾಡಲಿ, ನಾಳೆ ತೆಗೀತಾರಲ್ಲ ಎಂದ ಇವನು.

“ಯಾರು ತೆಗೀತಾರ್ರಿ? ನೀವ ಬಂದು ತೆಗೀಬೇಕು. ಸಾ ಬಾಯಿ ಬಿಡವಲ್ದು,” ಎಂದ ಹುಚ್ಚಪ್ಪ.

ಗೋಪಣ್ಣ ಬಂದು ನಮ್ಮ ಕಟ್ಟೆಯ ಮೇಲೆ ಕೂತು ನಡೆದದ್ದನ್ನು ಹೇಳಿದ. ಆಯುಷ್ಯವೆಲ್ಲ ಪೇಟಿಯ ಮುಂದೆ ಕಳೆದವನಿಗೆ ಪೇಟಿ ಅಂದರೆ ಅಂಗಡಿಸಾಲು ನೆನಪಾಯಿತಲ್ಲ ಎಂದು ನಾನು ನಕ್ಕೆ. ಅವನು ನಾಳೆ ಹಮ್ಮಿಗಿಗೆ ಗಾಡಿ ತೆಗಿ ಎಂದ.

ಮರುದಿನ ನನ್ನ ಟಂಟಂ ರಿಕ್ಷಾದಲ್ಲಿ ಹಮ್ಮಿಗಿಗೆ ಹೊರಟೆವು. ಬನಶಂಕರೆವ್ವ ತಾನೂ ಹತ್ತಿ ಕೂತಳು. ಕಟ್ಟಿಗೆ ತರಲು ಚೀಲ ಬೇಡವೇ ಎಂದು ಕೇಳುವ ಮನಸ್ಸಾಯಿತು. ಅವಳ ಮುಖ ನೋಡಿ ಗಾಡಿ ಚಾಲೂ ಮಾಡಿದೆ.

ಭಜನೆಯ ಗುಡಿಯಲ್ಲಿ ಗೋಪಣ್ಣ ಪೇಟಿ ಬಿಚ್ಚಿದ. ‘ಸಾ’ ನುಡಿಸುವ ಹಿತ್ತಾಳೆಯ ನಾಲಿಗೆಗೆ ಒಂದೆಳೆ ಕೆಂಪು ನೂಲು ಸಿಕ್ಕಿಕೊಂಡಿತ್ತು. ಮಗ್ಗದ ಕಟ್ಟಿಗೆಯಲ್ಲಿದ್ದ ಹಳೆಯ ತೂತೊಂದನ್ನು ಮುಚ್ಚಲು ಮನಸ್ಸು ಬಾರದೆ ಒಳಗಡೆ ಹಾಗೇ ಬಿಟ್ಟಿದ್ದನಂತೆ. ಅದರಲ್ಲಿ ಉಳಿದಿದ್ದ ನೂಲು ತಿದಿಯ ಗಾಳಿಗೆ ಎದ್ದು ಬಂದಿತ್ತು. ಅವನು ಅದನ್ನು ಎಳೆದು ಒಗೆಯಲು ಹೋದ. ಬನಶಂಕರೆವ್ವ ಕೈಯೊಡ್ಡಿದಳು. ತಾನು ಕೊನೆಗೆ ನೇಯ್ದ ಸೀರೆಯ ಸೆರಗಿನ ನೂಲು ಎಂದು ಹೇಳಿ, ಅದನ್ನು ಬೆರಳಿಗೆ ಸುತ್ತಿಕೊಂಡಳು. 

“ಇನ್ನ ಪೇಟಿ ಬಾರಸ್ರಿ,” ಎಂದಳು.

ಆ ಪೆದ್ದ ಅವಳ ಮುಖವನ್ನೇ ನೋಡುತ್ತ ಕೇಳಿದ, “ಯಾವ ಪೇಟಿ?”

“ನನ್ನ ಮಗ್ಗದ್ದು.”

ಗೋಪಣ್ಣ ‘ಸಾ’ ಹಿಡಿದ. ಬಹಳ ಹೊತ್ತು ಅದನ್ನೇ ಹಿಡಿದು ಕೂತ. ಅವತ್ತು ಮಾತ್ರ ‘ರೀ’ಗೆ ಯಾವಾಗ ಬರ್ತೀ ಎಂದು ನಾನು ಕೇಳಲಿಲ್ಲ.