ಹಾರ ಹಾಕಿದ ನನ್ನ ಫೋಟೋ

ಅಂದು ಬೆಳಿಗ್ಗೆ ಬೆಲ್ ಆಯಿತು. ಹಾಲಿನವನಿರಬೇಕೆಂದು ಪಾತೇಲಿ ಹಿಡಿದುಕೊಂಡೇ ಬಾಗಿಲು ತೆಗೆದೆ. ಊರಿನ ಆಚೆ ತುದಿಯ ಕೊಂಢವಾ ಬಡಾವಣೆಯಲ್ಲಿರುವ ನಮ್ಮ ಹಳೆಯ ಸ್ನೇಹಿತರು, ಗಂಡ ಹೆಂಡತಿ, ನಿಂತಿದ್ದರು. ಇಬ್ಬರದೂ ಬಿಳಿ ಬಟ್ಟೆ. ನನ್ನ ಮುಖ ಕಂಡದ್ದೇ ತಡ, ಆಕೆ ಗೋಡೆ ಹಿಡಿದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟಳು; ಅದು ಲಟಕ್ಕೆಂದಿತು.

"ನೀವು... ಅದೀರಿ?"

"ನಾ ಎಲ್ಲಿಗೆ ಹೋಗ್ಲಿರಿ? ಒಳಗ ಬರ್ರಿ."

ಗಂಡ ಮೊಬೈಲ್ ಮುಂದೆ ಹಿಡಿದರು. ಅದರಲ್ಲಿ ನಾನೇ. ನನ್ನ ಕನ್ನಡಕ, ನನ್ನ ನೀಲಿ ಇಳಕಲ್ ಸೀರೆ. ಫ್ರೇಮಿಗೆ ಗಂಧದ ಹಾರ, ಮುಂದೆ ದೀಪ. ಕೆಳಗೆ, 'ಮೌಶಿ ಇಲ್ಲದ ಮನೆ.' ನನ್ನನ್ನು ಮೌಶಿ ಎಂದು ಕರೆಯುವ ನನ್ನ ತಂಗಿಯ ಮಗನ ವಾಟ್ಸಾಪ್ ಸ್ಟೇಟಸ್ ಅದು. ತಂಗಿ ಹೋದ ಮೇಲೆ ನಾನೇ ಬೆಳೆಸಿದ ಹುಡುಗ.

ಚಹಾ ಇಟ್ಟರೆ ಆಕೆ, "ಬ್ಯಾಡ್ರಿ, ಇಂಥಾ ಮನ್ಯಾಗ..." ಎಂದು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಎರಡು ಕಪ್ ಕುಡಿದಳು. ಹೊರಡುವಾಗ ಮಾತ್ರ ಇಬ್ಬರೂ ತುಟಿ ಬಿಚ್ಚದೆ ಮೆಟ್ಟಿಲಿಗೆ ಹೊರಟರು. ಸಾವಿನ ಮನೆಯಿಂದ ಹೊರಡುವಾಗ 'ಬರ್ತೀವಿ' ಅನ್ನಬಾರದಲ್ಲ. ಆ ತಯಾರಿಯಲ್ಲೇ ಬಂದವರು.

"ಏನ್ರಿ, ಬರ್ತೀವಿ ಅಂತ ಹೇಳಿ ಹೋಗ್ರಿ. ನಾ ಇನ್ನೂ ಅದೀನಿ" ಅಂದೆ. ಹೇಳಿಸಿಯೇ ಕಳಿಸಿದೆ.

ಮಧ್ಯಾಹ್ನ ಹುಡುಗ ಬಂದ. ಅವನು ಫಿಲ್ಮ್ ಡೈರೆಕ್ಟರ್. ತೆಗೆದ ಎರಡೂ ಸಿನಿಮಾ ಬಿಡುಗಡೆಯಾಗದೆ ಡಬ್ಬಿಯಲ್ಲೇ ಉಳಿದಿವೆ. ಈಗ ಸೂಪರ್‌ಹೀರೋ ಕಾಮಿಕ್ ಬರೆದಿದ್ದಾನೆ, ಸೋಮವಾರ ಪ್ರೆಸ್ಸಿಗೆ ಹೋಗಬೇಕು, ಇದೂ ಕೈಕೊಟ್ಟರೆ ಮುಂದೇನು ಅವನಿಗೇ ಗೊತ್ತಿಲ್ಲ. ಇಷ್ಟು ನನಗೆ ತಿಳಿದಿತ್ತು. ಹೋದ ತಿಂಗಳು ನನ್ನನ್ನು ಕಿಟಕಿ ಹತ್ತಿರ ಕೂಡಿಸಿ, "ಮೌಶಿ, ನಗಬ್ಯಾಡ, ಸುಮ್ಮ ನೋಡು" ಎಂದು ಫೋಟೋ ತೆಗೆದಿದ್ದ. ಅದು ಯಾತಕ್ಕೆಂದು ನಾನೂ ಕೇಳಿರಲಿಲ್ಲ.

"ಜೀವಂತ ಇದ್ದಾಕಿಗೆ ಹಾರ ಹಾಕ್ತೀಯೇನೋ?"

"ಸಿನಿಮಾದಾಗ ಹಂಗs ಮೌಶಿ. ಗ್ವಾಡಿ ಮ್ಯಾಲಿನ ಫೋಟೋಕ್ಕ ಇದ್ದವ್ರನ್ನs ಕೂಡಿಸ್ತೇವಿ. ಫೋಟೋ ತೆಗದು, ಹಾರ ಹಾಕಿ, ಅವ್ರ ಕೂಡ ಕೂತು ಊಟಾ ಮಾಡ್ತೇವಿ. ಅದು ಬರೇ ಪ್ರಾಪ್, ಸೀನಿನ ಸಾಮಾನು."

ಪ್ರಾಪ್. ನಾನು ಪ್ರಾಪ್.

"ಅದು ನನ್ನ ಕಾಮಿಕ್‌ನಾಗಿನ ಪೇಜ್, ಸ್ಟೇಟಸ್ಸಿಗೆ ಹಾಕಿದ್ದೆ. ಪೇಜ್ ತೆಗೀ ಅಂದ್ರ ತೆಗೀತೀನಿ," ಅಂದ ನೆಲ ನೋಡುತ್ತ. "ಖರೇ ಅಂದ್ರ, ಆಮ್ಯಾಲೆ ಪುಸ್ತಕನs ಉಳಿಯೂದಿಲ್ಲ."

ಅವನ ಕೈಯಲ್ಲಿದ್ದ ಪುಸ್ತಕದ ಕರಡು ಪ್ರತಿ ಕಸಿದುಕೊಂಡೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಾಮಿಕ್ಸ್ ಮುಟ್ಟಗೊಡುತ್ತಿರಲಿಲ್ಲ. ಡೆಸ್ಕಿನ ಕೆಳಗೆ ಗೆಳತಿಯರು ಓದುವಾಗಲೂ ನಾನು ಒಳ್ಳೆಯ ಹುಡುಗಿಯಾಗಿ ಬೋರ್ಡ್ ನೋಡುತ್ತಿದ್ದೆ. ಈ ವಯಸ್ಸಿಗೆ ನಾನು ತೆರೆದ ಮೊದಲ ಕಾಮಿಕ್‌ನಲ್ಲಿ ಎಂಟನೇ ಪುಟಕ್ಕೇ ಸತ್ತಿದ್ದೆ.

ಹೀರೋ ಒಬ್ಬ ಬ್ಯಾಂಕ್ ಕ್ಲರ್ಕ್, ಅಂಜುಬುರುಕ. ಮೌಶಿ ಹೋಗುತ್ತಾಳೆ. ಮುಂದಿನ ಎರಡು ಪುಟಗಳಲ್ಲಿ ಒಂದೂ ಮಾತಿಲ್ಲ. ಅಡಿಗೆಮನೆ ನಮ್ಮದೇ. ಹಿಡಿ ಮುರಿದು ದಾರ ಸುತ್ತಿದ ಚಹಾ ಸೋಸಣಿಗೆ, ಕುಕ್ಕರಿನ ಸೊಟ್ಟ ಮುಚ್ಚಳ. ಅವನು ಎರಡು ಕಪ್ ಚಹಾ ಮಾಡುತ್ತಾನೆ. ಒಂದನ್ನು ಕುಡಿಯುತ್ತಾನೆ, ಇನ್ನೊಂದರ ಮೇಲೆ ಕೆನೆ ಕಟ್ಟುತ್ತದೆ. ಆಮೇಲೆ ನನ್ನ ಹಾಸಿಗೆಯಿಂದ ಸೊಲ್ಲಾಪುರಿ ಚಾದರ ಎತ್ತಿ ಹೆಗಲಿಗೆ ಕಟ್ಟಿಕೊಂಡು ಮೆಟ್ಟಿಲಿಳಿಯುತ್ತಾನೆ. ಹಿಂದಿರುಗಿ ನೋಡುವುದಿಲ್ಲ. ಹೊರಗೆ ಕುಸಿಯುತ್ತಿರುವ ಕಟ್ಟಡದ ಸ್ಲ್ಯಾಬನ್ನು ಒಂದೇ ಕೈಯಲ್ಲಿ ತಡೆಯುತ್ತಾನೆ.

ಶಾಕ್ ಅಂದರೆ ನನಗೆ ಈ ಪುಟ ನೋಡಿದಾಗಲೇ ಆದದ್ದು. ಹಾರ ಕಂಡಾಗ ಆದದ್ದು ಏನೂ ಅಲ್ಲ.

"ನಾ ಸತ್ತ ಮ್ಯಾಲೆನs ನಿನಗ ಶಕ್ತಿ ಬರೋದೇನು?"

"ನನಗಲ್ಲ. ಹೀರೋಗ."

"ಸೋಸಣಿಗಿ ಯಾರದು? ಹೀರೋಂದೋ?"

ಅವನು ಕಾಲ್ಬೆರಳು ನೋಡುತ್ತ ಕೂತ. ಐದು ವರ್ಷದವನಿದ್ದಾಗ, ತಾಯಿಯನ್ನು ಒಯ್ದ ದಿನವೂ ಹೀಗೇ ಕೂತಿದ್ದ. ಅವತ್ತು ಅವನಿಗೆ ಯಾರೂ ಮೊದಲೇ ಏನೂ ಹೇಳಿರಲಿಲ್ಲ. ಈ ಸಲ ತಯಾರಾಗಿ ಇರಬೇಕೆಂದು ಹೊರಟಿದ್ದಾನೆ, ನನ್ನ ಮುಂದೆಯೇ, ಕಲರ್‌ನಲ್ಲಿ. ಸಿಟ್ಟು ಮಾಡಬೇಕೆಂದುಕೊಂಡಿದ್ದೆ. ಬರಲಿಲ್ಲ.

"ಪೇಜ್ ಇರ್ಲಿ," ಅಂದೆ. "ಸ್ಟೇಟಸ್ ಈಗs ತೆಗಿ. ಕೊಂಢವಾದಾಕಿ ನನ್ನ ಚಪ್ಪಲಿ ಸ್ಟ್ಯಾಂಡ್ ಮುರದಾಳ."

ಅವನು ನಕ್ಕ, ಮೂಗು ಒರೆಸಿಕೊಂಡ, ಪುಸ್ತಕ ಬ್ಯಾಗಿಗೆ ತುಂಬಿದ. ಬಾಗಿಲಲ್ಲಿ ನಿಂತು, "ಬರ್ತೀನಿ, ಮೌಶಿ" ಅಂದ.

"ಹ್ಞೂಂ, ಬಾ" ಅಂದೆ.

ಒಳಗೆ ಬಂದು ಚಾದರ ಮಡಚಲು ಕೈಗೆತ್ತಿಕೊಂಡೆ. ಹೆಗಲಿಗೆ ಕಟ್ಟಿಕೊಳ್ಳಲು ಅದು ಅವನಿಗೆ ಸ್ವಲ್ಪ ಗಿಡ್ಡವೇ ಆದೀತು.