ಸುಮ್ಮನೆ ನಡೆಯುವವಳು

ಗೆಳೆಯರ ಎದುರು ನನ್ನ ಸ್ವಂತ ಅಕ್ಕನನ್ನು ಅಕ್ಕ ಎಂದು ಹೇಳಿಕೊಳ್ಳಲು ನನ್ನಿಂದಾಗಲಿಲ್ಲ.

ಅದು ಅರವತ್ತರ ದಶಕ. ಅಕ್ಕ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಅವಳ ನಲವತ್ತನೆಯ ವಯಸ್ಸಿನಲ್ಲಿ, ಇಟಲಿಯವರೇ ಆದ ಅಲ್ಲಿನ ಸಿಸ್ಟರುಗಳು ಅವಳನ್ನು ಇಟಾಲಿಯನ್ ಕಲಿಯಲು ಇಟಲಿಗೇ ಕಳಿಸಿದರು. ಸಣ್ಣ ಊರೊಂದರಲ್ಲಿ ಒಬ್ಬ ಮುದುಕಿಯ ಮನೆಯಲ್ಲಿದ್ದು, ಆಕೆ ಉಂಡದ್ದನ್ನೇ ಉಂಡು ವರ್ಷ ಕಳೆದಳು. ಆ ಊರಿನವರು ಸಂಜೆಯಾದರೆ ಒಳ್ಳೆಯ ಬಟ್ಟೆ ತೊಟ್ಟು, ಬೀದಿಯುದ್ದಕ್ಕೂ ಓಡಾಡುತ್ತಾ ಎಲ್ಲರನ್ನೂ ಮಾತಾಡಿಸುತ್ತಾರಂತೆ.

"ನಂಗೆ ಅರ್ಧ ಭಾಷೆ ಬಂದಿದ್ದೇ ಆ ಬೀದೀಲಿ ಕಣೋ" ಎನ್ನುತ್ತಿದ್ದಳು.

ನಮ್ಮ ಮನೆಯಿದ್ದ ಜೋಗುಪಾಳ್ಯಕ್ಕೆ ವಾಪಸು ಬಂದ ಮೇಲೂ ಅಭ್ಯಾಸ ಬಿಡಲಿಲ್ಲ. ಸಂಜೆ ಮುಖ ತೊಳೆದು, ಒಳ್ಳೆಯ ಸೀರೆಯುಟ್ಟು, ಕೈಯಲ್ಲೊಂದು ಚೀಲವೂ ಇಲ್ಲದೆ ಹೊರಡುತ್ತಿದ್ದಳು.

"ಯಾರ ಮನೆ ಮದ್ವೆ ಅಮ್ಮಾ?" ಎಂದು ಹೂವಿನವಳು ಕೇಳುತ್ತಿದ್ದಳು.

"ಸುಮ್ನೆ, ನಡಿಯೋಕೆ."

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹಲಸೂರು ಪೇಟೆಯ ಸೈಕಲ್ ಅಂಗಡಿ ಸೇರಿದವನು. ಜೊತೆಯವರೆಲ್ಲ ಶಿವಾಜಿನಗರದವರು, ಅಕ್ಕನನ್ನು ಕಂಡವರಲ್ಲ. ಒಂದು ಸಂಜೆ ಅವಳು ನಗುತ್ತಾ ಅಂಗಡಿಯತ್ತ ಬಂದಳು.

"ಯಾರೋ ಈ ಮಹಾರಾಣಿ?" ಎಂದ ಒಬ್ಬ.

"ಗೊತ್ತಿಲ್ಲ ಗುರು" ಎಂದೆ. ಅವಳಿಗೆ ಕೇಳಿಸಿತು.

ಮಾರನೆಯ ದಿನದಿಂದ ಅವಳು ಅಂಗಡಿ ಬರುವ ಮೊದಲೇ ರಸ್ತೆ ದಾಟಿ, ಆಚೆ ಬದಿಯಲ್ಲಿ, ನನ್ನತ್ತ ನೋಡದೆ ಹೋಗುತ್ತಿದ್ದಳು. ನನ್ನ ಮರ್ಯಾದೆ ಉಳಿಸಲು. ಮನೆಯಲ್ಲಿ ಎಂದಿನಂತೆ ಬಿಸಿಬಿಸಿ ಬಡಿಸುತ್ತಿದ್ದಳು.

ತಿಂಗಳುಗಟ್ಟಲೆ ಹಾಗೇ ನಡೆಯಿತು. ಕೊನೆಗೊಂದು ಸಂಜೆ ಎಣ್ಣೆಗೈಯಲ್ಲೇ ರಸ್ತೆ ದಾಟಿ ಅವಳ ಮುಂದೆ ನಿಂತೆ.

"ಇವ್ಳು ನಮ್ಮಕ್ಕ ಕಣ್ರೋ!" ಎಂದು ಅಂಗಡಿಯವರಿಗೆ ಕೇಳುವಂತೆ ಕೂಗಿದೆ. ಆಮೇಲೆ ಅವಳಿಗೆ ಹೇಳಿದೆ: "ಅವತ್ತು ಗೊತ್ತಿಲ್ಲ ಅಂದ್ಬಿಟ್ಟೆ ಅಕ್ಕಾ. ತಪ್ಪಾಯ್ತು."