ಸಿಪ್ಪೆ ಹೂಳಿದ ಸಾಲು

ಹೊನ್ನವಳ್ಳಿ ಹತ್ತಿರದ ತೋಟದ ಮನೆಯಲ್ಲಿ ಗಿರಿಜಾಂಬಿಕಾಳ ಹಗಲು ಒಲೆಯ ಮುಂದೆ ಶುರುವಾಗಿ ಒಲೆಯ ಮುಂದೆಯೇ ಮುಗಿಯುತ್ತದೆ. ಮದುವೆಗೆ ಮುಂಚೆ ಸಿವಿಲ್ ಡಿಪ್ಲೊಮಾ ಮುಗಿಸಿ, ತುಮಕೂರಿನ ಗುತ್ತಿಗೆದಾರರೊಬ್ಬರ ಬಳಿ ಮಣ್ಣು ನೋಡುವ ಕೆಲಸದಲ್ಲಿದ್ದಳು. ಪೈಪು ಹೂಳಲು ತೋಡಿದ ಕಾಲುವೆಯ ಗೋಡೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ ಇದು ಗಟ್ಟಿ ಜೇಡಿ, ಇದು ನಡುತರದ್ದು, ಇದು ಮರಳಿನಂತೆ ಜಾರುವಂಥದ್ದು ಎಂದು ಹೇಳಬೇಕಿತ್ತು. ಅವಳ ಮಾತಿನ ಮೇಲೆ ಗೋಡೆ ಕುಸಿಯದಂತೆ ಹಲಗೆಯ ಆಸರೆ ಕೊಡುವುದೋ, ಇಳಿಜಾರಾಗಿ ಕಡಿಯುವುದೋ ತೀರ್ಮಾನವಾಗುತ್ತಿತ್ತು. ಆಮೇಲೆ ಆಳುಗಳು ಇಳಿಯುತ್ತಿದ್ದರು. ಮದುವೆಯಾದ ಮೇಲೆ, ಇಲ್ಲೇ ತಿಪಟೂರಿನಲ್ಲಿ ಏನಾದರೂ ಕೆಲಸ ನೋಡೋಣ ಅಂದರು ಗಂಡನ ಮನೆಯವರು. ಯಾರೂ ನೋಡಲಿಲ್ಲ.

ಈ ಬೇಸಿಗೆ ಮಾವ ಶಂಭುಲಿಂಗಯ್ಯ ತೋಟದ ನಡುವೆ ನೀರಿನ ಸಂಪು ಕಟ್ಟಿಸಲು ಹೊರಟರು. ಜೆಸಿಬಿ ತಂದರೆ ತೆಂಗಿನ ಬೇರು ಕಿತ್ತುಹೋಗುತ್ತದೆಂದು ಕೈಯಲ್ಲೇ ತೋಡಿಸಿದರು. ಅಗೆಯುವವನು ಚಿಕ್ಕಹನುಮಯ್ಯ. ಅವನ ಹೆಂಡತಿ ಪುಟ್ಟಗಂಗಮ್ಮ ಗುಂಡಿಯೊಳಗೇ ನಿಂತು ಬಾಂಡ್ಲಿ ತುಂಬಿಕೊಡುತ್ತಿದ್ದಳು. ಗಿರಿಜಾಳ ಗಂಡ ಜ್ಞಾನೇಶ್ ಅದನ್ನು ಹಗ್ಗದಲ್ಲಿ ಎಳೆದು ಅಂಚಿನಲ್ಲೇ ಸುರಿಯುತ್ತಿದ್ದ. ಜಾಗ ಗುರುತು ಮಾಡುವಾಗ ಗಿರಿಜಾ ಒಳಗೆ ರೊಟ್ಟಿ ತಟ್ಟುತ್ತಿದ್ದಳು.

ಮಜ್ಜಿಗೆ ತೆಗೆದುಕೊಂಡು ಹೋದಾಗಲೇ ಅವಳು ಗುಂಡಿ ನೋಡಿದ್ದು. ಚಿಕ್ಕಹನುಮಯ್ಯನ ತಲೆ ನೆಲಮಟ್ಟಕ್ಕಿಂತ ಕೆಳಗೆ ಇಳಿದುಹೋಗಿತ್ತು. ಮೂರು ಕಡೆ ಕೆಂಪು ಮಣ್ಣು. ಪಡುವಣ ಗೋಡೆಯಲ್ಲಿ ಮಾತ್ರ ಕಪ್ಪು ಪಟ್ಟೆ, ಅದರಲ್ಲಿ ಕಂದು ನಾರು.

ಅವಳಿಗೆ ತಟ್ಟನೆ ಗೊತ್ತಾಯಿತು. ತೆಂಗಿನಕಾಯಿ ಸುಲಿದಾಗಲೆಲ್ಲ ಸಿಪ್ಪೆಯನ್ನು ಮರದ ಸಾಲುಗಳ ನಡುವೆ ಕಾಲುವೆ ತೆಗೆದು ಹೂಳುತ್ತಾರೆ, ಮೇಲೆ ಕೆರೆಯಿಂದ ತಂದ ಕಪ್ಪು ಗೋಡುಮಣ್ಣು ಮುಚ್ಚುತ್ತಾರೆ, ತೇವ ನಿಲ್ಲಲಿ ಅಂತ. ಸುಲಿಯುವವರು ಗಂಡಸರು, ಹೊತ್ತು ಹಾಕುವವರು ಹೆಂಗಸರು. ಮದುವೆಯಾದ ವರ್ಷ ಅತ್ತೆ ಗುರುಸಿದ್ದಮ್ಮನ ಜೊತೆ ಈ ಸಾಲಿಗೆ ಸಿಪ್ಪೆ ಹೊತ್ತಿದ್ದವಳು ಅವಳೇ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಎಷ್ಟೇ ಗಟ್ಟಿಯಾಗಿ ಕಂಡರೂ ಅದನ್ನು ನಂಬುವ ಹಾಗಿಲ್ಲ. ಅವಳು ಅಂಚಿನ ಗುಡ್ಡೆಯಿಂದ ಒಂದು ಕಪ್ಪು ಹೆಂಟೆ ಎತ್ತಿ ಒತ್ತಿದಳು. ಬೆರಳು ಸಲೀಸಾಗಿ ಒಳಗೆ ಹೋಯಿತು.

"ರೀ, ಹಲಗೆ ಕೊಡದೆ ಈ ಗೋಡೆ ನಿಲ್ಲಲ್ಲ. ಇದು ನಾವು ಸಿಪ್ಪೆ ಹೂಳಿದ್ದ ಸಾಲು. ಮೊದ್ಲು ಅವರನ್ನ ಮೇಲಕ್ಕೆ ಕರೀರಿ."

ಜ್ಞಾನೇಶ್ ನಕ್ಕ. "ಇಂಜಿನಿಯರಮ್ಮ ಬಂದ್ರು ಕಣಪ್ಪ! ಇದೇನು ತುಮಕೂರು ರೋಡೇನೇ?"

"ಇದೇ ತೋಟ್ದಲ್ಲಿ ನಮ್ಮಪ್ಪ ಬಾವಿ ತೋಡ್ಸಿದ್ದ," ಎಂದರು ಪಕ್ಕದಲ್ಲಿ ನಿಂತಿದ್ದ ಮಾವ. "ಅದೇನು ಹಲಗೆ ಕೇಳಿತ್ತಾ? ಹೋಗವ್ವ, ಸಾರಿಗೆ ಒಗ್ಗರಣೆ ಹಾಕೋಗು."

ಗಿರಿಜಾ ಗುಂಡಿಗೆ ಬಗ್ಗಿದಳು. "ಗಂಗಮ್ಮಾ, ನೀನಾದ್ರೂ ಮೇಲೆ ಬಾ."

ಪುಟ್ಟಗಂಗಮ್ಮ ಬೆವರು ಒರೆಸಿಕೊಂಡಳು. "ಯಜಮಾನ್ರು ಹೇಳ್ಲಿ ಕಣವ್ವ. ನೀವು ಕರೆದ್ರಿ ಅಂತ ಬಂದ್ರೆ, ನಾಳೆಯಿಂದ ಬರಲೇಬ್ಯಾಡ ಅಂತಾರೆ."

ಅಡುಗೆಮನೆಯಲ್ಲಿ ಅತ್ತೆ ಕೇಳಿದರು: "ಅವರು ತೋಡ್ತಿರೋದು ಸಿಪ್ಪೆ ಸಾಲಲ್ವೇನೇ?"

"ಹೌದತ್ತೆ. ಹೇಳ್ದೆ. ನೀವೂ ಒಂದು ಮಾತು ಹೇಳಿ."

"ನಾನು ಹೇಳಿದ್ದು ಈ ಮನೇಲಿ ಯಾವತ್ತು ನಡೆದೈತೆ, ಬುಡು."

ಎಸರು ಇನ್ನೂ ಸರಿಯಾಗಿ ಕುದಿ ಹತ್ತಿರಲಿಲ್ಲ. ಗಿರಿಜಾ ರಾಗಿಹಿಟ್ಟು ಸುರಿದು ಕೋಲಿನಿಂದ ತಿರುವತೊಡಗಿದಳು. "ಹಿಟ್ಟು ಬೇಯೋಕಾದ್ರೂ ಬುಡೇ!" ಎಂದರು ಅತ್ತೆ. ಅವಳು ಬಿಡಲಿಲ್ಲ. ಅರೆಬೆಂದದ್ದನ್ನೇ ಕಟ್ಟಿ, ಹಿತ್ತಲಿಗೆ ಬಂದು ಕೂಗಿದಳು: "ಊಟಕ್ಕೆ ಬನ್ನಿ! ಮುದ್ದೆ ಆರೋಗ್ತೈತೆ!"

ಆ ಕೂಗಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಜ್ಞಾನೇಶ್ ತಾನೇ ಕೈ ನೀಡಿ ಇಬ್ಬರನ್ನೂ ಮೇಲೆಳೆದುಕೊಂಡು ಬಂದ.

ಮಾವ ಮುದ್ದೆ ಮುರಿದು ಮುಖ ಸಿಂಡರಿಸಿದರು. "ಥೂ, ಹಸಿ ಹಿಟ್ಟು. ಇನ್ನೂ ಮುದ್ದೆ ತಿರುವೋಕೆ ಬರಲ್ವಲ್ಲ ಈ ಹುಡುಗೀಗೆ."

ತೋಟದ ಕಡೆಯಿಂದ ಧಬ್ ಎಂದು ಸದ್ದಾಯಿತು.

ಎಲ್ಲರೂ ಓಡಿದರು. ಪಡುವಣ ಗೋಡೆ ಅಂಚಿನ ಗುಡ್ಡೆಯ ಸಮೇತ ಕುಸಿದು ಮುಕ್ಕಾಲು ಗುಂಡಿ ಮುಚ್ಚಿತ್ತು. ತಾನು ನಿಂತಿದ್ದ ಜಾಗ ಯಾವುದೆಂದು ಪುಟ್ಟಗಂಗಮ್ಮನಿಗೆ ಗುರುತು ಸಿಗಲಿಲ್ಲ. ಅವಳು ಎಂಜಲು ಕೈಯಲ್ಲೇ ಗಂಡನ ತೋಳು ಹಿಡಿದುಕೊಂಡಳು.

"ಊಟ ಬೇಗ ಆಗಿದ್ದು ನಮ್ ಪುಣ್ಯ," ಎಂದರು ಶಂಭುಲಿಂಗಯ್ಯ.

"ನಾನು ಕರೆದಿದ್ದು ಊಟಕ್ಕಲ್ಲ ಮಾವ."

ಜ್ಞಾನೇಶ್ ಆಗಲೇ ಮುಂದಿನ ಸಾಲಿನ ಕಡೆ ಹೆಜ್ಜೆ ಅಳೆಯುತ್ತಿದ್ದ. "ನಾಳೆ ಇಲ್ಲಿ ತೋಡಾಣ ಅಪ್ಪಾಜಿ."

"ಅಲ್ಲೂ ಸಿಪ್ಪೆ ಐತೆ ರೀ. ಎಲ್ಲಾ ಸಾಲಿಗೂ ಹಾಕಿದೀವಿ. ಇಳಿಜಾರಾಗಿ ಕಡಿಸಿ, ಇಲ್ಲಾಂದ್ರೆ ಹಲಗೆ ಕೊಡ್ಸಿ."

"ಆಯ್ತು ಕಣೇ, ನೋಡಾಣ. ನಾಳೆನೂ ಊಟಕ್ಕೆ ಬೇಗ ಕರಿ."

ಸಂಜೆ ಗಿರಿಜಾ ತಟ್ಟೆ ತೊಳೆಯುತ್ತಾ ಲೆಕ್ಕ ಹಾಕಿದಳು. ಬೆಳಗ್ಗೆ ಅಗೆಯಲು ಶುರುಮಾಡಿದರೆ ಗುಂಡಿ ಪುಟ್ಟಗಂಗಮ್ಮನ ಹೆಗಲ ಮಟ್ಟಕ್ಕೆ ಬರುವಷ್ಟರಲ್ಲಿ ಮುದ್ದೆ ಆಗಿರಬೇಕು. ಉಂಡು ಮತ್ತೆ ಇಳಿಯುತ್ತಾರೆ. ಸ್ವಲ್ಪ ಹೊತ್ತಿಗೆ ಕಾಫಿಗೆ ಕರೆಯಬಹುದು. ಮತ್ತೆ ಇಳಿಯುತ್ತಾರೆ. ಆಮೇಲೆ ಏನೆಂದು ಕರೆಯುವುದು?

"ನಾಳೆಗೆ ಇನ್ನೊಂದು ಪಾವು ಹಿಟ್ಟು ಜಾಸ್ತಿ ತೆಗೀಲೇನೇ, ಎರಡ್ಸಲ ಕರೆಯೋಕೆ?" ಎಂದರು ಒಳಗಿನಿಂದ ಅತ್ತೆ.